ಐದು ಗಂಟೆಯ ಮಿಸ್ಡ್ ಕಾಲ್

“ಈ ವರ್ಷ ಹತ್ತನೇ ಕ್ಲಾಸಿನ್ ಗಣಿತದಲ್ಲ್ ಒಬ್ಬ ಫೇಲಾದ್ರೂ ಸೈ, ನಾನ್ ಮೀಸೆ ಬೋಳ್ಸ್ತೆ!”

ತೆಕ್ಕಟ್ಟೆ ಕಡೆಯ ಒಂದು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ರಾಜೀವ ಮಾಷ್ಟ್ರು ಹೀಗೆಂದು ಘೋಷಿಸಿದಾಗ ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು. ಅದೇನು ಸಾಮಾನ್ಯ ಮೀಸೆಯೇ? 1997ರಲ್ಲಿ ಅದು ವರಾಂಡದ ತುದಿಯಲ್ಲಿ ಕಂಡರೆ ಸಾಕು, ಮೂರು ಕ್ಲಾಸು ಗಪ್‌ಚಿಪ್! ಆಗ ಮಾಷ್ಟ್ರು ಬೆಳಗಿನ ಜಾವ ಟಾರ್ಚು ಹಿಡಿದು ಮಕ್ಕಳ ಮನೆಮನೆಗೆ ಹೋಗಿ, ಓದುತ್ತಿದ್ದಾರೋ ಇಲ್ಲವೋ ಎಂದು ಕಿಟಕಿಯಲ್ಲಿ ಇಣುಕುತ್ತಿದ್ದರು. ಈಗ 2018. ನಿವೃತ್ತಿ ಹತ್ತಿರ ಬಂದಿತ್ತು, ಮಂಡಿನೋವು ಅದಕ್ಕೂ ಮೊದಲೇ ಬಂದಿತ್ತು. ಹಾಗಾಗಿ ಟಾರ್ಚಿನ ಜಾಗಕ್ಕೆ ಮೊಬೈಲು ಬಂತು.

ಕಾನೂನು ಸರಳ. ಬೆಳಿಗ್ಗೆ ಐದಕ್ಕೆ ಇಪ್ಪತ್ತಾರು ಮಕ್ಕಳ ಮನೆಗೂ ಮಾಷ್ಟ್ರ ಮಿಸ್ಡ್ ಕಾಲ್. ಎದ್ದವರು ತಿರುಗಿ ಮಿಸ್ಡ್ ಕಾಲ್ ಕೊಡಬೇಕು. ಆಮೇಲೆ ‘ನೂರಕ್ಕೆ ನೂರು’ ಎಂಬ ವಾಟ್ಸಾಪ್ ಗ್ರೂಪಿಗೆ ಒಂದು ಲೆಕ್ಕ ಬೀಳುತ್ತದೆ. ಆರರೊಳಗೆ ಉತ್ತರದ ಫೋಟೊ ಬಾರದಿದ್ದರೆ ಸ್ವತಃ ಮಾಷ್ಟ್ರೇ ಮನೆಗೆ ಬರುತ್ತಾರೆ!

ಮೊದಲ ದಿನವೇ ಇಪ್ಪತ್ತಾರು ಮಿಸ್ಡ್ ಕಾಲ್ ವಾಪಸು ಬಂದವು. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಜಲಜ ಇಪ್ಪತ್ತಾರು ಸಲ ಬೆಚ್ಚಿಬಿದ್ದರು.

“ಹ್ವಾಯ್, ಇದೆಂತ ಮನೆಯಾ, ಬಸ್ ಸ್ಟ್ಯಾಂಡಾ?”

“ಕಾಣ್ ಜಲಜ, ಒಬ್ರೂ ತಪ್ಪಿಲ್ಲೆ! ಈಗಿನ್ ಮಕ್ಳಿಗೆ ಹೆದ್ರಿಕೆ ಇಲ್ಲೆ ಅಂಬ್ರ್. ನನ್ ಮೀಸೆ ಫೋನಿನ್ ಆಚೆಗೂ ಕಾಣತ್ತ್!”

“ಮೀಸೆ ಕಾಣತ್ತೊ ಇಲ್ಯೊ, ನಂಗೆ ನಿದ್ರಿ ಮಾತ್ರ ಕಾಂಬುಕೆ ಸಿಕ್ತಿಲ್ಲೆ!”

ವಿಚಿತ್ರವೆಂದರೆ, ಬೆಳಿಗ್ಗೆ ಫೋನಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಲೆಕ್ಕ ಮಾಡಿದ ಮಕ್ಕಳು ಹತ್ತು ಗಂಟೆಗೆ ಚಾಕ್‌ಪೀಸ್ ಹಿಡಿದು ಬೋರ್ಡಿನೆದುರು ಕಲ್ಲಾಗುತ್ತಿದ್ದರು. ಅದರಲ್ಲೂ ಪ್ರಣೀತಾ! ದಿನಾ ಎಲ್ಲರಿಗಿಂತ ಮೊದಲು ಉತ್ತರ ಕಳಿಸುವವಳು ಅವಳೇ. ಬೋರ್ಡಿನಲ್ಲಿ ಮಾತ್ರ ‘x’ ಎಂದು ಬರೆದು ಫ್ಯಾನು ನೋಡುತ್ತಿದ್ದಳು. ಮಾಷ್ಟ್ರು ಮಹಾ ಸಂಶೋಧನೆ ಮಾಡಿದರು: ಈ ತಲೆಮಾರಿಗೆ ಬಾಯಿಯಿಲ್ಲ, ಹೆಬ್ಬೆರಳೊಂದೇ! ಫೋನಿನಲ್ಲೇ ಕಲಿಸಬೇಕು! ಮರುದಿನದಿಂದ ಒಂದು ಲೆಕ್ಕ ಐದಾಯಿತು. ಐದಕ್ಕೂ ಉತ್ತರ ಬಂತು. ಜಲಜ ಚಾಪೆ ಸುತ್ತಿಕೊಂಡು ಅಡುಗೆಮನೆಗೆ ವಲಸೆ ಹೋದರು.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹತ್ತೊಂಬತ್ತು ಮಂದಿ ಗಣಿತದಲ್ಲಿ ಫೇಲು! ಪ್ರಣೀತಾಗೆ ಎಂಬತ್ತಕ್ಕೆ ಹನ್ನೊಂದು! ಮಾಷ್ಟ್ರಿಗೆ ಊಟ ಸೇರಲಿಲ್ಲ. ಇಷ್ಟು ವರ್ಷ ಕಲಿಸಿದ್ದೆಲ್ಲ ನೀರಿನಲ್ಲಿ ಹೋಮವಾಯಿತಲ್ಲ ಎಂದು ಕಣ್ಣು ತುಂಬಿ ಬಂತು.

ಪಾಲಕರ ಸಭೆ ಕರೆದರು. ಮಕ್ಕಳೆಲ್ಲ ಚೆನ್ನಾಗಿ ನಿದ್ದೆ ಮಾಡಿದ ಮುಖದಲ್ಲಿ ಕುಳಿತಿದ್ದರೆ, ಪಾಲಕರೆಲ್ಲ ಕೆಂಪು ಕಣ್ಣು ಬಿಟ್ಟುಕೊಂಡು ಆಕಳಿಸುತ್ತಿದ್ದರು! ಅವರಲ್ಲಿ ಅರ್ಧಕ್ಕರ್ಧ ಮಾಷ್ಟ್ರ ಹಳೆಯ ವಿದ್ಯಾರ್ಥಿಗಳು. ಪ್ರಣೀತಾಳ ಅಪ್ಪ, ಮೀನು ವ್ಯಾಪಾರದ ಭೋಜ, 97ರ ಬ್ಯಾಚಿನವನು.

“ಫೋನಂಗೆ ಅಷ್ಟ್ ಚಂದ ಲೆಕ್ಕ ಮಾಡ್ತಿ, ಪರೀಕ್ಷೆಗೆ ಎಂತ ಆಯ್ತ್ ನಿಂಗೆ?” ಮಾಷ್ಟ್ರು ಗುಡುಗಿದರು.

“ಅದ್ ನಾನಲ್ಲ ಸರ್, ಅಪ್ಪಯ್ಯ,” ಎಂದಳು ಪ್ರಣೀತಾ.

ಭೋಜ ಎದ್ದು ನಿಂತ. ಹಳೆಯ ಅಭ್ಯಾಸ, ಪೆಟ್ಟು ತಿನ್ನಲು ಬಲಗೈ ತಾನಾಗಿ ಮುಂದೆ ಬಂತು.

“ತಪ್ಪಾಯ್ತ್ ಮಾಷ್ಟ್ರೇ. ಫೋನ್ ನನ್ ತಲೆ ಹತ್ರ ಇಪ್ಪುದ್. ನಿಮ್ ಹೆಸ್ರ್ ಕಂಡ್ ಕೂಡ್ಲೆ ಎದ್ದ್ ನಿಂತ್ಕಂತೆ. ಈ ಹೆಣ್ಣ್ ಎಷ್ಟ್ ಕರೆದ್ರೂ ಏಳುದಿಲ್ಲೆ. ಲೆಕ್ಕ ಹಾಕದಿದ್ರೆ ನೀವ್ ಮನೆಗೆ ಬತ್ರಿ! ಹಂಗಾಯಿ ನಾನೇ ಮಾಡ್ದೆ. ಎಲ್ರ್ ಮನೆಯಂಗೂ ಇದೇ ಕತಿ. ಬಾರದ್ ಲೆಕ್ಕ ಒಬ್ರಿಗೊಬ್ರ್ ಹೇಳ್ಕಂಬುಕೆ ನಮ್ದೇ ಬೇರೆ ಗ್ರೂಪ್ ಇತ್ತ್!”

“ಹಂಗಾರೆ ಇವ್ಳಿಗೆ ನನ್ ಹೆದ್ರಿಕೆ ಇಲ್ಯಾ?”

ಪ್ರಣೀತಾ ಮರುಕದಿಂದ ನೋಡಿದಳು. “ಸರ್, ನೀವ್ ಮುಂಚೆ ಜೋರಿದ್ರಾ?”

ಮಾಷ್ಟ್ರು ಕುರ್ಚಿಯಲ್ಲಿ ಕುಸಿದರು. ಮರುದಿನದಿಂದ ಬೋರ್ಡಿಗೆ ಮರಳಿ ಗಂಟಲು ಹರಿಯುವಂತೆ ಕಲಿಸಿದರು. ಏಪ್ರಿಲ್ ಕೊನೆಗೆ ಫಲಿತಾಂಶ ಬಂತು: ಇಪ್ಪತ್ತೈದು ಪಾಸು, ಒಂದು ಫೇಲು. ಪ್ರಣೀತಾ! ಕೊಟ್ಟ ಮಾತು ಮಾತೇ. ಜಲಜ ಕನ್ನಡಿ ಹಿಡಿದರು, ಮೀಸೆ ಸಕಲ ಮರ್ಯಾದೆಗಳೊಂದಿಗೆ ಇಳಿಯಿತು.

ಸಂಜೆ ಭೋಜ ಬಂಗುಡೆ ಮೀನಿನ ಚೀಲ ಹಿಡಿದು ಕ್ಷಮೆ ಕೇಳಲು ಬಂದ. ಬೋಳು ತುಟಿ ಕಂಡವನೇ ಬಾಗಿಲಲ್ಲಿ ನಿಂತುಬಿಟ್ಟ. ನೋಡಿದ, ನೋಡಿದ, ನೋಡುತ್ತಲೇ ಒಳಗೆ ಬಂದು ಜೀವನದಲ್ಲಿ ಮೊದಲ ಸಲ ಮಾಷ್ಟ್ರೆದುರು ಕುರ್ಚಿಯಲ್ಲಿ ಕುಳಿತ.

“ಜೂನಂಗೆ ಮರುಪರೀಕ್ಷೆ ಇತ್ತ್. ನಾಳೆ ಐದಕ್ಕೆ ಹೆಣ್ಣನ್ನ ಏಳ್ಸ್,” ಎಂದರು ಮಾಷ್ಟ್ರು.

“ಕಾಂಬ, ಕಾಂಬ,” ಎಂದ ಭೋಜ, ನೋಡೋಣವೆಂಬಂತೆ ಕಾಲ ಮೇಲೆ ಕಾಲು ಹಾಕಿ.

ಮರುದಿನ ಐದಕ್ಕೆ ಮಾಷ್ಟ್ರು ಮಿಸ್ಡ್ ಕಾಲ್ ಕೊಟ್ಟರು. ತಿರುಗಿ ಬರಲಿಲ್ಲ. ಇನ್ನೊಮ್ಮೆ ಕೊಟ್ಟರು. ಇಲ್ಲ. ಮೂರನೆಯ ಸಲ ಭೋಜ ಫೋನು ಎತ್ತಿಯೇ ಬಿಟ್ಟ!

“ಹ್ವಾಯ್, ಇಷ್ಟ್ ಬೆಳಿಗ್ಗೆ ಎಂತ ಮಾರಾಯ್ರೆ ನಿಮ್ದ್? ಸುಮ್ನೆ ಹೊದ್ಕಂಡ್ ಮನಿಕಣಿ!”