ಬೆಲ್ಲ ಒಲ್ಲದ ಜಿರಲೆಗಳು

ತನ್ನ ಅಡುಗೆಮನೆಯಲ್ಲಿ ಜಿರಲೆ ಇದೆ ಎಂದು ಅಡುಗೆಯವನು ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸದಿಂದ ನಿವೃತ್ತನಾದ ಮೇಲೂ ಹೇಳಲು ನಾಲಿಗೆ ತಡವರಿಸುತ್ತದೆ. ಆದರೂ ಹೇಳಿಬಿಡುತ್ತೇನೆ: ಇತ್ತು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ನಾನು ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ ಉಡುಪಿ ಹೋಟೆಲಿನಲ್ಲಿ, ಗ್ರೈಂಡರಿನ ಹಿಂದೆ, ಯಾರೂ ಸಾಕದೆ, ಯಾರ ಹಂಗೂ ಇಲ್ಲದೆ ಬೆಳೆದ ದೊಡ್ಡ ಸಂಸಾರವೇ ಇತ್ತು. ಒಂದು ಬೆಳಿಗ್ಗೆ ಅದರಲ್ಲೊಂದು ಗಿರಾಕಿಯ ಇಡ್ಲಿ ತಟ್ಟೆಯ ಅಂಚಿಗೆ ಬಂದು ಮೀಸೆ ತಿರುವಿತು. ಧಣಿಗಳು ನನ್ನನ್ನು ಗಲ್ಲಾದ ಹತ್ತಿರ ಕರೆದು, “ಭಟ್ರೇ, ಇನ್ನೊಂದು ಸಲ ಹೀಗಾದ್ರೆ ಕಿಚನ್ ಬೇರೆಯವರಿಗೆ ಕೊಡುದೇ, ಈಗಲೇ ಹೇಳಿದ್ದೇನೆ” ಎಂದರು. ಎರಡು ಸ್ಟೇಷನ್ ಆಚೆಯ ದಿವಾದಲ್ಲಿ ಬಾಡಿಗೆ ಕೋಣೆ, ಕಾಲೇಜಿಗೆ ಹೋಗುವ ಮಗಳು. ಕೆಲಸ ಕಳೆದುಕೊಳ್ಳುವಂತಿರಲಿಲ್ಲ.

ಗೋಧಿ ಹಿಟ್ಟು, ಬೋರಿಕ್ ಪುಡಿ, ಧಾರಾಳವಾಗಿ ಬೆಲ್ಲ ಸೇರಿಸಿ ಉಂಡೆ ಕಟ್ಟಿದೆ. ಸಾಂಬಾರಿಗೂ ಬೆಲ್ಲ ಹಾಕುವವರು ನಾವು, ವಿಷಕ್ಕೆ ಹಾಕದೆ ಬಿಡುತ್ತೇವೆಯೇ? ವಾರದೊಳಗೆ ಜಿರಲೆಗಳನ್ನು ಗುಡಿಸಿ ಹಾಕಬೇಕಾಯಿತು. ಲೋಕಲ್ ರೈಲಿನಲ್ಲಿ ಪಕ್ಕ ಕುಳಿತವರಿಗೆಲ್ಲ ನನ್ನ ಉಂಡೆಯ ಮಹಿಮೆ ಹೇಳಿದೆ. ನಂಬದವಳು ಮಗಳು ಸ್ವಾತಿ ಒಬ್ಬಳೇ. ಥಾಣೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಇಲ್ಲೇ ಹುಟ್ಟಿದವಳು, ಅವಳ ಕನ್ನಡ ಅರ್ಧ ದಾರಿಗೆ ಹಿಂದಿಯಾಗುತ್ತದೆ. “ಪಪ್ಪಾ, ಸಬ್ ನಹೀ ಮರೇಂಗೆ, ಎಲ್ಲಾ ಸಾಯಲ್ಲ. ಸಿಹಿ ಇಷ್ಟ ಇಲ್ಲದ್ದು ಒಂದೆರಡು ಇರ್ತವೆ. ಅವು ಉಳೀತವೆ, ಅವುಗಳ ಮಕ್ಕಳಿಗೂ ಸಿಹಿ ಬೇಡ. ದೋ ಸಾಲ್ ರುಕೋ, ನಿಮ್ಮ ಬೆಲ್ಲ ಯಾರೂ ಮುಟ್ಟಲ್ಲ.”

ನಾನು ನಕ್ಕೆ. ಗಿಳಿಶಾಸ್ತ್ರದವನೂ ಇಷ್ಟು ಖಚಿತವಾಗಿ ಹೇಳುವುದಿಲ್ಲ.

ಎರಡು ವರ್ಷವೂ ತುಂಬಲಿಲ್ಲ. ಉಂಡೆಗಳು ಇಟ್ಟಲ್ಲೇ ಇದ್ದವು, ಜಿರಲೆಗಳು ಅವುಗಳನ್ನು ಮುಟ್ಟದೆ ಸುತ್ತಿ ಓಡಾಡುತ್ತಿದ್ದವು. ಬೆಲ್ಲವೇ ಕೆಟ್ಟಿರಬೇಕೆಂದು ಕೊಲ್ಹಾಪುರದ ಒಳ್ಳೆಯ ಬೆಲ್ಲ ತಂದೆ. ಅದಕ್ಕೂ ಅದೇ ಮರ್ಯಾದೆ. “ಬುದ್ಧಿ ಕಲಿತು ಬಿಟ್ಟಿವೆ” ಎಂದೆ. “ಯಾವುದೂ ಕಲೀಲಿಲ್ಲ ಪಪ್ಪಾ. ತಿಂದವು ಸತ್ತವು, ತಿನ್ನದವು ಉಳಿದವು, ಬಸ್” ಎಂದಳು. ಅವಳ ದನಿಯಲ್ಲಿ ಗೆದ್ದ ಸೊಕ್ಕು ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಈಗೇನು ಮಾಡುವುದು ಎಂದು ಸೋತು ಕೇಳಿದೆ. “ಸಿಹಿ ಬಿಡಿ. ಕಾಂದಾ ಹಾಕಿ.”

ಕಾಂದಾ! ನಮ್ಮ ಹೋಟೆಲಿನ ಹೊಸ್ತಿಲನ್ನು ಈರುಳ್ಳಿ ದಾಟುವಂತಿರಲಿಲ್ಲ. ಅದನ್ನು ತಿನ್ನದವರು ಠಾಕುರ್ಲಿ, ಕಲ್ಯಾಣದಿಂದಲೂ ನಮ್ಮಲ್ಲಿಗೇ ಬರುತ್ತಿದ್ದರು. ಆದರೆ ಕೆಲಸ ಹೋದರೆ ನನ್ನ ನೇಮವನ್ನು ಕಟ್ಟಿಕೊಂಡು ಯಾರ ಅಡುಗೆಮನೆಗೆ ಹೋಗಲಿ? ಮರುದಿನ ಟಿಫಿನ್ ಡಬ್ಬಿಯಲ್ಲಿ ಈರುಳ್ಳಿ ಅಡಗಿಸಿ ತಂದೆ, ಬಾಗಿಲು ಹಾಕಿಕೊಂಡು ಅರೆದು, ಬೆಲ್ಲದ ಬದಲು ಉಂಡೆಗೆ ಸೇರಿಸಿದೆ. ಕಣ್ಣೀರು ಬಂದದ್ದು ಈರುಳ್ಳಿಯಿಂದಲೇ ಎಂದು ಹೇಳಲಾರೆ.

ಜಿರಲೆಗಳು ಮತ್ತೆ ಸತ್ತವು. ಕೆಲಸ ಉಳಿಯಿತು. ಮೂರನೆಯ ದಿನ, ಹದಿನೈದು ವರ್ಷದಿಂದ ನಮ್ಮಲ್ಲೇ ಊಟ ಮಾಡುತ್ತಿದ್ದ ಆಚಾರ್ಯರು ಕೈ ತೊಳೆಯಲು ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತರು. “ಭಟ್ರೇ, ಈರುಳ್ಳಿ ವಾಸನೆ ಬಂದ ಹಾಗಾಯ್ತಲ್ಲ?” “ಪಕ್ಕದ ವಡಾಪಾವ್ ಅಂಗಡಿಯದ್ದು, ಆಚಾರ್ಯರೇ” ಎಂದೆ. ಅವರು ನಂಬಿದರು. ಕೂತು, ತಟ್ಟೆಗೆ ನೀರು ಸುತ್ತುಗಟ್ಟಿ, ಕಣ್ಣು ಮುಚ್ಚಿ ಕೈ ಮುಗಿದು ಉಂಡರು. ಸಾರಿನಲ್ಲಿ ಈರುಳ್ಳಿ ಇರಲಿಲ್ಲ, ದೇವರಾಣೆ. ಆದರೂ ಆ ದಿನ ಅವರಿಗೆ ಬಡಿಸುವಾಗ ನನಗೆ ಆದಷ್ಟು ನಾಚಿಕೆ, ಇಡ್ಲಿ ತಟ್ಟೆಯ ಜಿರಲೆಯಿಂದಲೂ ಆಗಿರಲಿಲ್ಲ.

ಇದನ್ನೆಲ್ಲ ಮನೆಯಲ್ಲಿ ಸ್ವಾತಿಗೆ ಹೇಳಿದೆ. ನನ್ನ ಮನಸ್ಸು ಬೇರೆಡೆಗೆ ತಿರುಗಿಸಲೆಂದೋ ಏನೋ, “ಅಬ್ ಆಗೇ ಕ್ಯಾ ಹೋಗಾ? ಮುಂದೇನಾಗುತ್ತೆ ಅಂತ ಈ ಸಲ ನೀವೇ ಹೇಳಿ” ಎಂದಳು. ನಾನು ಯೋಚಿಸಿದೆ. ಈರುಳ್ಳಿಗೆ ಆಸೆಪಡುವವು ಸಾಯುತ್ತವೆ. ವಾಸನೆಗೇ ಮುಖ ತಿರುಗಿಸುವವು ಉಳಿಯುತ್ತವೆ, ಅವುಗಳ ಮಕ್ಕಳೂ ಹಾಗೆಯೇ. ಇನ್ನೆರಡು ವರ್ಷಕ್ಕೆ ಆ ಅಡುಗೆಮನೆಯಲ್ಲಿ ಈರುಳ್ಳಿ ಮುಟ್ಟದ ಜೀವಗಳೆಂದರೆ ಜಿರಲೆಗಳು ಮಾತ್ರ. ಆಚಾರ್ಯರು ಮತ್ತೆ ಬಾಗಿಲಿಗೆ ಬಂದು ಕೇಳಿದರೆ, ಧೈರ್ಯವಾಗಿ ‘ಈರುಳ್ಳಿ ಮುಟ್ಟಿಲ್ಲ’ ಎನ್ನುವ ಯೋಗ್ಯತೆಯೂ ಅವಕ್ಕೇ.