ಹುಚ್ಚರಾಯಪ್ಪಂದಿರಿಗೆಲ್ಲ ಒಂದೇ ಬೂದು ಬಣ್ಣ ಬಳಿದವರಿಗೆ

ಮಾನ್ಯ ಟರ್ಮಿನಲ್ ಮಲ್ಟಿಪ್ಲೆಕ್ಸರ್ ಅವರೇ,

ಒಂದೇ ಕಂಪ್ಯೂಟರ್ ಪರದೆಯನ್ನು ನಾಲ್ಕು ಪಾಲು ಮಾಡಿಕೊಟ್ಟೂ ಇಂದಿನವರೆಗೆ ಒಬ್ಬ ಪಾಲುದಾರನಿಂದಲೂ ಕೋರ್ಟಿಗೆ ಎಳೆಸಿಕೊಳ್ಳದ ತಮ್ಮ ಜಾಣತನಕ್ಕೆ ಸೊರಬದಿಂದ ಮಮತಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಮ್ಮ ಕಡೆ ಒಂದೆಕರೆ ಗದ್ದೆ ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾಗಬೇಕಾದರೆ ಸರ್ವೆಯವರು ಬಂದು, ತಕರಾರು ಬಿದ್ದು, ಹಬ್ಬಕ್ಕೆ ಕರೆಯುವುದು ನಿಂತು, ಮೊಮ್ಮಕ್ಕಳ ಕಾಲಕ್ಕೆ ಒಂದು ಗಡಿಕಲ್ಲು ನೆಟ್ಟರೆ ಅದೇ ದೊಡ್ಡದು. ತಾವಾದರೋ ಎರಡು ಕೀಲಿ ಒತ್ತುವಷ್ಟರಲ್ಲಿ ಬದು ಹಾಕಿ ಕೈತೊಳೆದುಕೊಳ್ಳುತ್ತೀರಿ.

ನನ್ನ ಪರಿಚಯ ತಮಗಿರಲಿಕ್ಕಿಲ್ಲ, ದಿನವೂ ನನ್ನ ಬೆರಳ ಪೆಟ್ಟು ತಿನ್ನುತ್ತೀರೇ ಹೊರತು ಮುಖ ನೋಡಿದವರಲ್ಲ. ನಾನು ಕುರಿ ಸಾಕುವವರ ಸಂಘದ ಸೊರಬ ಶಾಖೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಕುರಿಗಳ ಲೆಕ್ಕವಿರುವ ದೊಡ್ಡ ಕಂಪ್ಯೂಟರ್ ಶಿಕಾರಿಪುರದ ಕಚೇರಿಯಲ್ಲಿದೆ. ನಾನು ಇಲ್ಲಿಂದ ನೆಟ್ ಮೂಲಕ ಅದರೊಳಗೆ ಹೋಗಿ, ನಾನೇ ಬರೆದ ಪ್ರೋಗ್ರಾಮಿನಲ್ಲಿ ಕೆಲಸ ಮಾಡುತ್ತೇನೆ. ನಡುವೆ ಇಲ್ಲಿ ಕರೆಂಟ್ ಹೋದರೂ, ನೆಟ್ ಹೋದರೂ, ಅಲ್ಲಿ ಅರ್ಧಕ್ಕೆ ನಿಂತ ಕೆಲಸದ ಉಸಿರು ಹೋಗದಂತೆ ಕಾದಿಟ್ಟು, ನಾನು ಮರಳಿ ಬಂದಾಗ ಬಿಟ್ಟಲ್ಲಿಂದಲೇ ಒಪ್ಪಿಸುವ ನಡುವಣ ಪ್ರೋಗ್ರಾಮು ತಾವು. ಆ ಉಪಕಾರವನ್ನು ನಾನು ಮರೆತಿಲ್ಲ. ನಿಂಗಮ್ಮನವರ ಪುಟ್ಟವ್ವ ತಮ್ಮ ದಯೆಯಿಂದ ಕಳೆದುಹೋಗದಿದ್ದರೆ ಈ ಪತ್ರವನ್ನೂ ಬರೆಯುತ್ತಿರಲಿಲ್ಲ.

ಪುಟ್ಟವ್ವ ಎಂದರೆ ಕುರಿ. ಈದ ದಿನವೇ ತಾಯಿ ಸತ್ತಾಗ, ಬಾಟಲಿಯಲ್ಲಿ ಹಾಲು ಕುಡಿಸಿ, ತಮ್ಮ ಕಂಬಳಿಯೊಳಗೆ ಮಲಗಿಸಿಕೊಂಡು ನಿಂಗಮ್ಮನವರು ಬದುಕಿಸಿಕೊಂಡ ಮರಿ. ಈಗ ಅದಕ್ಕೆ ಮೊದಲ ಗಬ್ಬ. ಗಂಡ ತೀರಿಕೊಂಡ ಮೇಲೆ ಇಡೀ ಹಿಂಡನ್ನು ಒಬ್ಬರೇ ಮೇಯಿಸುವ ಈ ತಾಯಿ, ಕುರಿಗಳ ಕಿವಿಗೆ ನಂಬರಿನ ಟ್ಯಾಗ್ ಹಾಕಿಸಲು ಸುತಾರಾಂ ಒಪ್ಪಿರಲಿಲ್ಲ. ಅವರ ಕಟ್ಟೆಯ ಮೇಲೆ ಕೂತು, ಕಂಪ್ಯೂಟರಿನಲ್ಲಿ ಸೇರಿಬಿಟ್ಟರೆ ನಿಮ್ಮ ಕುರಿ ಎಲ್ಲಿ ಹೋದರೂ ನಿಮ್ಮದೇ ಎಂದು ಮಾತು ಕೊಟ್ಟವಳು ನಾನು. ‘ನಿನ್ ಮುಖ ನೋಡಿ ಚುಚ್ಚಿಸ್ತೀನಿ ನೋಡವ್ವ’ ಎಂದು ಅವರು ಒಪ್ಪಿದರು.

ಇನ್ನು ಬಣ್ಣದ ವಿಷಯ. ಶಿಕಾರಿಪುರದ ಕಡೆ ‘ಹುಚ್ಚರಾಯಪ್ಪಾ’ ಎಂದು ಕೂಗಿದರೆ ಅರ್ಧ ಓಣಿ ‘ಏನ್ರೀ’ ಎನ್ನುತ್ತದೆ. ಊರದೇವರ ಹೆಸರು, ಯಾವ ಮನೆಯವರೂ ಬಿಟ್ಟುಕೊಡುವುದಿಲ್ಲ. ನಮ್ಮ ಸಂಘದ ಪಟ್ಟಿಯಲ್ಲೇ ಹುಚ್ಚರಾಯಪ್ಪಂದಿರ ಸಾಲಿದೆ, ನಿಂಗಮ್ಮನವರ ಯಜಮಾನರೂ ಅದರಲ್ಲೊಬ್ಬರು. ಅವರು ಹೋದರೂ ಖಾತೆ ಅವರ ಹೆಸರಿನಲ್ಲೇ ಉಳಿದಿದೆ. ಆದ್ದರಿಂದ ಕುರಿಯವರು ಒಬ್ಬರನ್ನೊಬ್ಬರು ಗುರುತಿಸುವುದು ಹೆಸರಿನಿಂದಲ್ಲ, ಕುರಿಯ ಬೆನ್ನಿಗೆ ಬಳಿದ ಬಣ್ಣದಿಂದ: ಹಸಿರು ಹುಚ್ಚರಾಯಪ್ಪ, ಕೆಂಪು ಹುಚ್ಚರಾಯಪ್ಪ, ನೀಲಿ ನಿಂಗಮ್ಮ. ನಾನೂ ಪ್ರೋಗ್ರಾಮಿನಲ್ಲಿ ಅದೇ ಪದ್ಧತಿ ಇಟ್ಟೆ, ಒಂದೊಂದು ಹಿಂಡೂ ಪರದೆಯ ಮೇಲೆ ತನ್ನ ಬಣ್ಣದಲ್ಲಿ ಮೆರೆಯುತ್ತಿತ್ತು. ತಾವು ಬಂದು ನಡುವೆ ಕೂತಿರಿ ನೋಡಿ, ಹುಚ್ಚರಾಯಪ್ಪಂದಿರೆಲ್ಲ ಒಂದೇ ಬೂದು! ಮೇಲು ಕೀಳಿಲ್ಲದ ಇಂಥ ಸಮಾನತೆಯನ್ನು ದೊಡ್ಡವರ ಭಾಷಣದಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ತಮ್ಮಲ್ಲೇ.

ಕೀಲಿಮಣೆಯ ವಿಷಯದಲ್ಲಂತೂ ತಮ್ಮ ಔದಾರ್ಯಕ್ಕೆ ಎಣೆಯಿಲ್ಲ. ಕಂಟ್ರೋಲ್ ಹಿಡಿದು ಬಾಣದ ಕೀಲಿ ಒತ್ತಿದರೆ ಪಕ್ಕದ ಹಿಂಡಿಗೆ ಜಿಗಿಯಬೇಕು, ನಾನು ಬೇಡಿದ್ದು ಅಷ್ಟೇ. ತಾವು ಆ ಒಂದು ಒತ್ತನ್ನು ಚೂರುಚೂರು ಮಾಡಿ, ಎಡಕ್ಕೆಂದರೆ 5D, ಬಲಕ್ಕೆಂದರೆ 5C ಎಂದು ನನ್ನ ಪ್ರೋಗ್ರಾಮಿನ ಬಾಯಿಗೆ ತುರುಕಿದಿರಿ. ಅದರ ಲೆಕ್ಕದಲ್ಲಿ 5 ಎಂದರೆ ಐದನೆಯ ಹಿಂಡು, ಅಂದರೆ ನಿಂಗಮ್ಮನವರದು. D ಎಂದರೆ ಡಾಕ್ಟರನ್ನು ಕಳಿಸು. C ಎಂದರೆ ಸಂತೆಯ ಲಾರಿಗೆ ಏರಿಸುವ ಚೀಟಿ ಕಳಿಸು, ಇದೊಂದನ್ನು ಮಾತ್ರ ಅದು ನನ್ನನ್ನು ಕೇಳಿಯೇ ಕಳಿಸುತ್ತದೆ. ಹೀಗಾಗಿ ನಾನು ಎಡಕ್ಕೆ ಹೋಗಲು ಹೊರಟಾಗಲೆಲ್ಲ ಪಶುವೈದ್ಯ ಶ್ರೀನಾಥರು ಉಳವಿಗೆ ಬೈಕ್ ಓಡಿಸಿದರು. ಕೊಯ್ಲಾದ ಗದ್ದೆಗೆ ಗೊಬ್ಬರವಾಗಲೆಂದು ಅಲ್ಲಿ ಹಿಂಡು ನಿಲ್ಲಿಸಿದ್ದ ನಿಂಗಮ್ಮನವರು ಅವರಿಗೆ ಮಜ್ಜಿಗೆ ಕೊಟ್ಟು, ‘ಕರೀದೇನೇ ಡಾಕ್ಟ್ರು ಬರ್ತಾರಲ್ರೀ, ಕಂಪ್ಯೂಟರ್ ಅಂದ್ರೆ ಹಿಂಗಿರ್ಬೇಕು’ ಎಂದು ಊರೆಲ್ಲ ಹೊಗಳಿಕೊಂಡು ಬಂದರು. ಡಾಕ್ಟರು ಮಾತ್ರ ನನಗೆ ಫೋನ್ ಮಾಡಿ, ಕುರಿಗಳು ನನಗಿಂತ ಗಟ್ಟಿಯಾಗಿವೆ ತಾಯಿ, ಈಗ ನನ್ನ ಸೊಂಟಕ್ಕೊಬ್ಬ ಡಾಕ್ಟರನ್ನು ಕಳಿಸಿ ಎಂದರು.

ದೋಷ ಹುಡುಕಲು ಕೂತೆ. ಪರದೆ ಬದಲಿಸಿದೆ, ಏನೂ ಪಾಪ ಮಾಡದ ಕೀಲಿಮಣೆಯನ್ನು ಕಿತ್ತೊಗೆದು ಹೊಸದು ತಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಅಂತರ್ಜಾಲದ ಪಂಡಿತರನ್ನು ಕೇಳಿ ಕೇಳಿ ಕೊನೆಗೆ ತಮ್ಮ ಗುಟ್ಟು ರಟ್ಟಾಯಿತು. ತಾವು ಒಳಗಿರುವ ಪ್ರೋಗ್ರಾಮುಗಳಿಗೆ ನಿಜ ಹೇಳದೆ, ಎಂಟೇ ಬಣ್ಣ ಬಲ್ಲ ಯಾವುದೋ ಹಳೇ ಕಾಲದ ಪರದೆಯ ಹೆಸರು ಹೇಳಿಕೊಂಡು ಬಾಳುತ್ತಿದ್ದಿರಿ. ಕುರಿಯ ಬೆನ್ನಿಗೆ ಹೊಂದುವಂತೆ ನಾನು ಆರಿಸಿದ್ದ ಕೆಂಪು, ಹಸಿರು, ನೀಲಿಯ ಛಾಯೆಗಳು ಆ ಎಂಟರಲ್ಲಿಲ್ಲದೆ ಬೂದಾಗಿದ್ದವು. ತಮ್ಮ ನಿಜವಾದ ಹೆಸರನ್ನೂ ಬಾಣದ ಕೀಲಿಗಳ ಅರ್ಥವನ್ನೂ ಸೆಟ್ಟಿಂಗಿನಲ್ಲಿ ಬರೆದಿಟ್ಟೆ. ತಾವು ಅತ್ತ ತಿರುಗಿಯೂ ನೋಡಲಿಲ್ಲ. ತಾವು ಸೆಟ್ಟಿಂಗ್ ಓದುವುದು ಹುಟ್ಟುವಾಗ ಒಮ್ಮೆ ಮಾತ್ರವಂತೆ. ಹೊಸ ಬುದ್ಧಿ ಬರಬೇಕಾದರೆ ಒಮ್ಮೆ ಸತ್ತು ಹುಟ್ಟಬೇಕಂತೆ. ಸಾಯದಿರುವುದೇ ತಮ್ಮ ದೊಡ್ಡ ಗುಣ, ಸಾಯುವುದೇ ತಮ್ಮ ಮದ್ದು! ಕೊಲ್ಲಲು ಅಪ್ಪಣೆ ಕೇಳಿದರೆ ಅಧ್ಯಕ್ಷ ಮಲ್ಲೇಶಪ್ಪನವರು, ‘ನಡೀತಿರೋದನ್ನ ಯಾಕ್ ಕೊಲ್ತೀಯವ್ವ, ಕುರಿ ಎಣಿಕೆ ಮುಗೀಲಿ’ ಎಂದು ತಡೆದರು.

ಎಣಿಕೆ ಮುಗಿಯುವ ಮೊದಲೇ ಆ ದಿನ ಬಂತು. ಉಳವಿಯಲ್ಲಿ ನಿಂಗಮ್ಮನವರ ಪಕ್ಕದಲ್ಲೇ ಹಿಂಡು ನಿಲ್ಲಿಸಿದ್ದ ಹಸಿರು ಹುಚ್ಚರಾಯಪ್ಪನವರು ಟಗರುಗಳನ್ನು ಸಂತೆಗೆ ಕಳಿಸಬೇಕಿತ್ತು, ಅವರಿಗೆ ಲಾರಿ ಚೀಟಿ ಬೇಕಿತ್ತು. ಅವರ ಹಿಂಡನ್ನು ಹುಡುಕುತ್ತಾ ನನ್ನ ಬೆರಳು ಹಳೆಯ ಅಭ್ಯಾಸದಲ್ಲಿ ಬಲಕ್ಕೆ ಜಿಗಿಯಿತು. ತಕ್ಷಣ ಪರದೆ, ‘ಹುಚ್ಚರಾಯಪ್ಪ, ಉಳವಿ: ಚೀಟಿ ಕಳಿಸಲೇ?’ ಎಂದು ಕೇಳಿತು. ಹೆಸರು ಸರಿ, ಊರು ಸರಿ, ಕೆಲಸವೂ ಸರಿ; ಬಣ್ಣವೊಂದು ನೀಲಿಯಾಗಿ ಕಂಡಿದ್ದರೆ ಕೈ ನಿಲ್ಲುತ್ತಿತ್ತು. ಕಂಡದ್ದು ಬೂದು. ಹೂಂ ಎಂದೆ.

ನಿಂಗಮ್ಮನವರು ಅವತ್ತು ಹಿಂಡನ್ನು ಪಕ್ಕದವರಿಗೆ ಒಪ್ಪಿಸಿ ಕುಪ್ಪಗಡ್ಡೆಯ ನೆಂಟರ ಮನೆಗೆ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದರು. ಲಾರಿಯ ಯತೀಶ ಬಂದು, ಯಾವ ಕಿವಿಯ ಟ್ಯಾಗಿಗೆ ಹಿಡಿದರೆ ಮೊಬೈಲು ಚೀಟಿಯ ನಂಬರೆಂದು ಕೀಂ ಎಂದಿತೋ ಆ ಕುರಿಯನ್ನೆಲ್ಲ ಏರಿಸಿದ. ಹಸಿರು ಹುಚ್ಚರಾಯಪ್ಪನವರು, ‘ಲೇ, ನೀಲಿ ಬಣ್ಣ ಕಾಣವಲ್ದೇನೋ, ಇವು ನನ್ನವಲ್ಲ’ ಎಂದು ಲಾರಿಗೆ ಅಡ್ಡ ನಿಂತು ಬಡಿದುಕೊಂಡರೆ, ಅವನು ಮೊಬೈಲು ತೋರಿಸಿ, ‘ಕಂಪ್ಯೂಟರಿನಾಗೆ ನಿಮ್ಮ ಹೆಸ್ರೇ ಐತಲ್ರೀ, ನೀವೇ ಮರ್ತಿರ್ಬೇಕು’ ಎಂದು ಹೊರಟೇಬಿಟ್ಟ. ಸುದ್ದಿ ತಿಳಿದು ನಾವು ಸಂತೆ ಮುಟ್ಟುವ ಹೊತ್ತಿಗೆ ಉಳಿದವು ಸಿಕ್ಕವು. ಪುಟ್ಟವ್ವ ಮಾತ್ರ ಯಾರದೋ ಕೈಗೆ ಹೋಗಿ, ಯಾವುದೋ ಟೆಂಪೋ ಹತ್ತಿ, ಯಾವ ಊರಿಗೋ ಹೊರಟುಹೋಗಿತ್ತು. ಕರೆದರೆ ಓಡಿ ಬರುವ ಕುರಿ ಅದು, ಯಾರು ಕರೆದರೂ ಹೋಗುತ್ತದೆ.

ಸಂಘದಲ್ಲಿ ತುರ್ತು ಸಭೆ ಸೇರಿತು. ಯತೀಶ ಚೀಟಿಯ ಕಡೆ ಕೈ ತೋರಿಸಿದ, ಚೀಟಿ ನನ್ನ ಪ್ರೋಗ್ರಾಮಿನ ಕಡೆ, ನಾನು ತಮ್ಮ ಕಡೆ. ತಮ್ಮ ಕಡೆಯ ಪಂಡಿತರು, ಇದು ದೋಷವೇ ಅಲ್ಲ, ಇರಬೇಕಾದ್ದೇ ಹೀಗೆ ಎಂದು ಬರೆದರು. ಯಾರದೂ ತಪ್ಪಿಲ್ಲ ಎಂದು ತೀರ್ಮಾನವಾಗಿ, ಚಹಾ ಕುಡಿದು, ಎಲ್ಲರೂ ಸಮಾಧಾನದಿಂದ ಎದ್ದರು. ಪುಟ್ಟವ್ವ ಹೋದದ್ದು ಹೇಗೆಂದು ಹೋಗಿ ನಿಂಗಮ್ಮನವರಿಗೆ ಹೇಳುವವರು ಯಾರು ಎಂಬ ಮಾತು ಬಂದಾಗ ಮಾತ್ರ ಎಲ್ಲರಿಗೂ ಬೇರೆ ಕೆಲಸ ನೆನಪಾಯಿತು.

ಆದ್ದರಿಂದ ತಮ್ಮಲ್ಲಿ ಒಂದೇ ಅರಿಕೆ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಉಳವಿ ಬಸ್ಸು ಹತ್ತಿ, ತಮ್ಮ ನಾಲ್ಕು ಪಾಲಿನಲ್ಲಿ ಬಿಡುವಾಗಿರುವ ಒಂದು ಪಾಲಾದರೂ ಬಂದು, ಗದ್ದೆ ಬದುವಿನ ಮೇಲೆ ನಿಂತು, ತಮ್ಮ ನಿಜವಾದ ಹೆಸರು ಹೇಳಿ, ಪುಟ್ಟವ್ವನನ್ನು ಕಳಿಸಿದ್ದು ನಾನು ಎಂದು ಒಂದು ಮಾತು ಹೇಳಬೇಕು. ಬಸ್ಸಿನಲ್ಲಿ ನಿಂತು ಬರಬೇಕಾಗಬಹುದು, ಅನ್ಯಥಾ ಭಾವಿಸಬಾರದು. ಹೆದರಬೇಕಾಗಿಯೂ ಇಲ್ಲ, ನಿಂಗಮ್ಮನವರು ಮನೆಗೆ ಬಂದವರಿಗೆ ಮೊದಲು ಮಜ್ಜಿಗೆಯನ್ನೇ ಕೊಡುತ್ತಾರೆ.

ಕರೆಂಟ್ ಹೋದರೂ ತಮ್ಮನ್ನು ನಂಬಿ ಕೂತಿರುತ್ತಿದ್ದ ತಮ್ಮ ವಿಶ್ವಾಸಿ,
ಮಮತಾ
ಕುರಿ ಸಾಕುವವರ ಸಂಘ, ಸೊರಬ ಶಾಖೆ

ವಿ.ಸೂ.: ತಾವು ಬರುವ ಲಕ್ಷಣ ಕಾಣದೆ ನಾನೇ ಉಳವಿಗೆ ಹೋಗಿ ಬಂದೆ. ನಿಂಗಮ್ಮನವರು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಉಣ್ಣೆ ಕತ್ತರಿಸುವ ಕತ್ತರಿ ತಂದು, ಒಂದೊಂದೇ ಕುರಿಯ ಕಿವಿಯ ಟ್ಯಾಗ್ ಕತ್ತರಿಸಿ ನನ್ನ ಅಂಗೈಯಲ್ಲಿಟ್ಟು, ‘ನಮ್ಮವನ್ನ ಕಂಪ್ಯೂಟರಿಂದ ತೆಗೆದುಬಿಡವ್ವ’ ಎಂದರು. ಬಂದು ತೆಗೆದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ನಿನ್ನೆ ತಮ್ಮನ್ನು ಕೊಲ್ಲಲೂ ಅಪ್ಪಣೆ ಸಿಕ್ಕಿತು. ತಮ್ಮ ಮರುಹುಟ್ಟಿಗೆ ಅಭಿನಂದನೆಗಳು. ಕೆಂಪು ಕೆಂಪಾಗಿದೆ, ಹಸಿರು ಹಸಿರಾಗಿದೆ. ನೀಲಿಯೂ ಸರಿಹೋಗಿರಬೇಕು, ನೋಡೋಣವೆಂದರೆ ಆ ಬಣ್ಣದ ಒಂದು ಕುರಿಯೂ ಪಟ್ಟಿಯಲ್ಲಿಲ್ಲ.