ಡಬ್ಬಿ ಕೂಗಿದರೆ ಸಾಲದು

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇರುವುದು ಒಂದು ಬಿಳಿ ಡಬ್ಬಿಗೆ. ಮುಂಬಾಗಿಲ ಹಿಂದೆ ನನ್ನ ಛತ್ರಿ ನೇತಾಡುತ್ತಿದ್ದ ಮೊಳೆ ಕಿತ್ತು, ಅದೇ ಜಾಗದಲ್ಲಿ ಅದಕ್ಕೆ ಪಟ್ಟಾಭಿಷೇಕ ಮಾಡಿದ್ದಾರೆ. ಯಾರಾದರೂ ಬಾಗಿಲು ಮೀಟಿದರೆ ಅದು ಕಿರುಚುತ್ತದೆ. ಕಿರುಚುವುದಷ್ಟೇ ಅಲ್ಲ, ತಾನೇ ಫೋನ್ ಮಾಡಿ ಅಲಾರ್ಮ್ ಕಂಪನಿಯವರಿಗೆ ಸುದ್ದಿ ಮುಟ್ಟಿಸುತ್ತದೆ. ಅವರು ಎರಡು ನಿಮಿಷದೊಳಗೆ ಮನೆಗೋ ನನ್ನ ಹೆಂಡತಿಯ ಮೊಬೈಲಿಗೋ ಫೋನ್ ಮಾಡಿ, ಏನಾಯಿತು, ಗಾರ್ಡ್ ಕಳಿಸಬೇಕಾ ಎಂದು ವಿಚಾರಿಸುತ್ತಾರೆ. (ನಾನು ಕೂಗಿದರೆ “ಹಾಂ” ಎನ್ನುವ ಉತ್ತರಕ್ಕೇ ಕಾಲು ಗಂಟೆ ಕಾಯಬೇಕು.)

ಡಬ್ಬಿಗೆ ಈ ಭಾಗ್ಯ ಬಂದದ್ದು ನನ್ನವಳು ಟೈಲರ್ ಆದದ್ದರಿಂದ. ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ತೂಗುವ ಬಟ್ಟೆಗಳಲ್ಲಿ ನಮ್ಮದು ಒಂದೂ ಇಲ್ಲ. “ಬೇರೆಯವರು ನಂಬಿ ಕೊಟ್ಟದ್ದು ರೀ, ಹೆಚ್ಚುಕಮ್ಮಿ ಆದ್ರೆ ಮುಖ ಎಲ್ಲಿ ಇಟ್ಕೊಳ್ಳೋದು?” ಅನ್ನುತ್ತಾಳೆ. ಅವಳ ಕೈಗುಣದ ಬಗ್ಗೆ ನಾನು ಹೇಳಿದರೆ ಹೆಂಡತಿಯನ್ನು ಹೊಗಳಿದ ಹಾಗಾಗುತ್ತದೆ. ಆಗಲಿ, ಹೇಳುತ್ತೇನೆ. ಮೊನ್ನೆ ಒಬ್ಬರು ಅಳತೆ ಕೊಡಲು ಬಂದು ನಿಂತರು. ಟೇಪು ಕೈಗೆತ್ತಿಕೊಳ್ಳುವ ಮೊದಲೇ “ನಿಮ್ಮ ಎಡಭುಜ ಅರ್ಧ ಇಂಚು ಇಳಿದಿದೆ” ಅಂದಳು. ಐವತ್ತು ವರ್ಷದಿಂದ ಆ ಭುಜ ಹೊತ್ತವರಿಗೇ ಅದು ಗೊತ್ತಿರಲಿಲ್ಲ! ಇನ್ನು ಅವಳು ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ನಿಗೆ ನಾಲ್ಕು ಬಣ್ಣದ ನಾಲ್ಕು ದಾರ ಪೋಣಿಸುವುದನ್ನು ನೋಡಬೇಕು. ಯಾವ ದಾರ ಮೊದಲು, ಯಾವುದು ಆಮೇಲೆ ಎನ್ನುವ ಸರದಿ ಒಂಚೂರು ತಪ್ಪಿದರೂ ಹೊಲಿಗೆ ಬಿಚ್ಚಿಹೋಗುತ್ತದೆ. ಇವಳು ಮಾತಾಡುತ್ತಲೇ ಪೋಣಿಸಿ ಮುಗಿಸಿರುತ್ತಾಳೆ.

ಇಂಥ ಸುಖಸಂಸಾರದಲ್ಲಿ ನನಗೊಂದು ಐಡಿಯಾ ಹೊಳೆಯಿತು. ಹಳೆಯ ಫೋನ್ ಲೈನ್ ತೆಗೆಸಿ ಡಿಜಿಟಲ್ ಫೋನ್ ಹಾಕಿಸಿದೆ. ಶುಕ್ರವಾರ ಬಂದ ಫೋನಿನವನು ಮಿಣಮಿಣ ಮಿನುಗುವ ಒಂದು ಕಪ್ಪು ಪೆಟ್ಟಿಗೆ ಇಟ್ಟು, “ಗೋಡೆಯ ಹಳೇ ಲೈನ್ ಇವತ್ತಿಗೆ ಸತ್ತಂಗೆ ಸಾರ್. ನಿಮ್ಮ ಅಲಾರ್ಮನ್ನ ಈ ಪೆಟ್ಟಿಗೆಗೆ ಸೇರಿಸಬೇಕು. ಅಲಾರ್ಮಿನವರನ್ನೇ ಕರೆಸಿ” ಎಂದು ಹೊರಟುಹೋದ. ಅಲಾರ್ಮಿನವರು ಬುಧವಾರ ಬರುತ್ತೇವೆ ಅಂದರು. ನಮ್ಮ ರೈಲು ಸೋಮವಾರ ಬೆಳಿಗ್ಗೆ!

ಆ ರೈಲು ಹೋಗುವುದು ಮಗಳ ಊರಿಗೆ. ಮೊಮ್ಮಗನಿಗೆ ಆರು ತಿಂಗಳು ತುಂಬಿದೆ, ನಾನಿನ್ನೂ ಅವನನ್ನು ಎತ್ತಿಕೊಂಡಿಲ್ಲ. ಫೋಟೋದಲ್ಲಿ ನೋಡಿ ನೋಡಿ ಕಣ್ಣು ಸೋತಿದೆ.

“ಅಲಾರ್ಮ್ ಸರಿಯಾಗದೆ ನಾನು ಹೊಸಿಲು ದಾಟಲ್ಲ. ಒಬ್ಬ ಹುಡುಗಿಯ ಮದುವೆ ಬಟ್ಟೆ ಪೂರ್ತಿ ಇಲ್ಲೇ ಇದೆ” ಅಂದಳು.

“ಬುಧವಾರದವರೆಗೆ ಯಾಕೆ ಕಾಯ್ಬೇಕು? ಮೂವತ್ತು ವರ್ಷ ಹೈಸ್ಕೂಲಲ್ಲಿ ವಿದ್ಯುತ್ತಿನ ಪಾಠ ಹೇಳಿದವನು ಮನೆಯಲ್ಲೇ ಇದ್ದೀನಿ!”

“ಹೌದು ಬಿಡಿ, ನೀವು ಬೋರ್ಡ್ ಮೇಲೆ ಬರೆದ ಬಲ್ಬು ಒಂದು ದಿನವೂ ಕೆಟ್ಟಿದ್ದಿಲ್ಲ.”

ಇದನ್ನು ಹೊಗಳಿಕೆ ಎಂದೇ ತಿಳಿದು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಡಬ್ಬಿಯ ವೈರು ಎಳೆದೆ, ತಿರುಚಿದೆ, ಟೇಪು ಸುತ್ತಿದೆ, ಗುಂಡಿ ಒತ್ತಿದೆ. ಡಬ್ಬಿ ಬೀದಿಯೆಲ್ಲ ಎದ್ದು ಕೂರುವಂತೆ ಕಿರುಚಿತು. ನಾನು ಎದೆಯುಬ್ಬಿಸಿ ಇವಳ ಕಡೆ ನೋಡಿದೆ.

“ಕೂಗಿತು, ಸರಿ. ಕೇಳಿಸ್ಕೊಂಡವರು ಯಾರು? ಅವರ ಫೋನ್ ಎಲ್ಲಿ?”

ಎರಡು ನಿಮಿಷ ಕಳೆಯಿತು. ಹತ್ತು ನಿಮಿಷವೂ ಕಳೆಯಿತು. ಫೋನ್ ಬರಲಿಲ್ಲ.

“ಡಿಜಿಟಲ್ ಅಲ್ವಾ, ಹೊಸದರಲ್ಲಿ ಸ್ವಲ್ಪ ನಿಧಾನ” ಅಂದೆ. ಶನಿವಾರವಿಡೀ ಇವಳು ಮಿಷನ್ ತುಳಿಯುವ ಸದ್ದಿನ ಮರೆಯಲ್ಲಿ ಕದ್ದು ಕದ್ದು ವೈರು ಬದಲಾಯಿಸಿದೆ. ಒಮ್ಮೆ ಕರೆಗಂಟೆ ನಿಂತುಹೋಯಿತು, ಇನ್ನೊಮ್ಮೆ ಫೋನೇ ಮೂಕವಾಯಿತು. ಹೇಗೋ ಅವೆರಡನ್ನು ಮೊದಲಿನಂತೆ ಮಾಡಿದೆ. ಡಬ್ಬಿಯ ಸುದ್ದಿ ಮಾತ್ರ ಮನೆಯ ಗೋಡೆ ದಾಟಲಿಲ್ಲ.

ಮನುಷ್ಯನಿಗೆ ಕೆಟ್ಟ ಬುದ್ಧಿ ಬರುವುದು ಇಂಥ ಹೊತ್ತಿನಲ್ಲೇ. ಎದುರು ಸಾಲಿನಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ನನ್ನ ಗೆಳೆಯನಿಗೆ ಭಾರೀ ಕಂಠ; “ಈ ಅಕ್ಷರ ಓದಿ” ಅಂದರೆ ಸಾಕು, ಗಿರಾಕಿಗಳು ನ್ಯಾಯಾಲಯದಲ್ಲಿ ನಿಂತಂತೆ ನಡುಗುತ್ತಾರೆ. ಭಾನುವಾರ ಬೆಳಿಗ್ಗೆ ಅವನ ಬಳಿ ಹೋಗಿ ಗುಟ್ಟಾಗಿ ಹೇಳಿದೆ: “ಸಂಜೆ ನಾಲ್ಕಕ್ಕೆ ಡಬ್ಬಿ ಕೂಗುತ್ತೆ. ಕೇಳಿದ ತಕ್ಷಣ ನಮ್ಮನೆ ಫೋನಿಗೆ ಮಾಡಿ, ‘ಅಲಾರ್ಮ್ ಕಂಪನಿಯಿಂದ ಮಾತಾಡ್ತಿದ್ದೀವಿ, ನಿಮ್ಮ ಅಲಾರ್ಮ್ ನಮಗೆ ಮುಟ್ಟಿದೆ’ ಅಂತ ಹೇಳು. ಅಷ್ಟೇ. ಮೊಬೈಲಿಗೆ ಮಾತ್ರ ಮಾಡ್ಬೇಡ, ನಿನ್ನ ಹೆಸರು ಬರುತ್ತೆ.”

“ಅತ್ತಿಗೆಗೆ ಮೋಸ ಮಾಡೋದಾ ಮೇಷ್ಟ್ರೇ?”

“ಮೋಸ ಅಲ್ಲಯ್ಯಾ, ಮೊಮ್ಮಗ!” ಅಂದೆ. ಅವನಿಗೂ ಮೊಮ್ಮಕ್ಕಳಿದ್ದಾರೆ. ಒಪ್ಪಿಕೊಂಡ.

ಮಧ್ಯಾಹ್ನ ಊಟ ಮಾಡಿ, “ಎಲ್ಲ ಸರಿಮಾಡಿದ್ದೀನಿ, ನಾಲ್ಕಕ್ಕೆ ಒತ್ತಿ ತೋರಿಸ್ತೀನಿ” ಎಂದು ಇವಳಿಗೆ ಹೇಳಿ, ನೆಮ್ಮದಿಯಾಗಿ ಗೊರಕೆ ಹೊಡೆದು, ನಾಲ್ಕಕ್ಕೆ ಎದ್ದೆ. ಇವಳು ಕೈಕಟ್ಟಿಕೊಂಡು ಡಬ್ಬಿಯ ಮುಂದೆ ನಿಂತಿದ್ದಳು. ಮುಖದಲ್ಲಿ ಏನೋ ಸಣ್ಣ ನಗು. ನನ್ನ ಮೇಲೆ ಕೊನೆಗೂ ವಿಶ್ವಾಸ ಬಂತೆಂದು ಹಿಗ್ಗಿದೆ.

“ಒತ್ತಿ, ನೋಡೋಣ” ಅಂದಳು.

ಒತ್ತಿದೆ. ಡಬ್ಬಿ ಕಿರುಚಿತು. ನಾನು ಮನೆ ಫೋನಿನ ಪಕ್ಕ ವರನ ಹಾಗೆ ಸಿದ್ಧನಾಗಿ ನಿಂತೆ. ಫೋನ್ ಬರಲಿಲ್ಲ. ರಿಸೀವರ್ ಎತ್ತಿ ಕಿವಿಗಿಟ್ಟರೆ ಉಸಿರೇ ಇಲ್ಲ. ಇವಳು ಗಡಿಯಾರ ನೋಡುತ್ತಿದ್ದಳು.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಕನ್ನಡಕದವನು ಏದುಸಿರು ಬಿಡುತ್ತಾ ಒಳಗೆ ನುಗ್ಗಿ, ಡಬ್ಬಿಯ ಕಿರುಚಾಟವನ್ನೂ ಮೀರಿಸಿ ಗುಡುಗಿದ:

“ಮೇಷ್ಟ್ರೇ! ಮೂರು ಸಲ ಮಾಡಿದೆ, ನಿಮ್ಮ ಫೋನ್ ಬರೀ ಎಂಗೇಜು! ನಾನು ಅಲಾರ್ಮ್ ಕಂಪನಿಯವನು ಅಂತ ಈಗ ಹೇಗ್ರೀ ಹೇಳ್ಲಿ?”

ಹೇಳಿದ ಮೇಲೆ ಅವನಿಗೆ ಅತ್ತಿಗೆ ಕಾಣಿಸಿದಳು. ಅಷ್ಟು ದೊಡ್ಡ ಕಂಠ ಎಲ್ಲಿ ಅಡಗಿತೋ ದೇವರೇ ಬಲ್ಲ.

ಇವಳು ಡಬ್ಬಿಯನ್ನು ಸುಮ್ಮನಾಗಿಸಿದಳು. ಆಗ ಅವಳ ಮೊಬೈಲ್ ಹೊಡೆದುಕೊಂಡಿತು. ಎತ್ತಿ ಸ್ಪೀಕರ್ ಒತ್ತಿದಳು.

“ಮೇಡಂ, ಅಲಾರ್ಮ್ ಕಂಪನಿಯಿಂದ. ನಿಮ್ಮ ಸಿಗ್ನಲ್ ಚೆನ್ನಾಗಿ ಬಂತು. ಮಧ್ಯಾಹ್ನ ನಾನು ಹೇಳಿದ ಹಾಗೇ ಜೋಡಿಸಿದ್ದೀರಿ.”

“ಒಂದು ನಿಮಿಷ ಇರಮ್ಮ” ಎಂದು ಇವಳು ಮೊಬೈಲನ್ನು ಮಿಷನ್ನಿನ ಮೇಲಿಟ್ಟು ನನ್ನ ಕಡೆ ತಿರುಗಿದಳು.

“ನೀ... ನೀನು ಜೋಡಿಸಿದ್ಯಾ?” ಅಂದೆ.

“ನೀವು ಮಲಗಿದ್ದಾಗ. ನೀವು ಸತ್ತ ಲೈನಿಗೇ ಟೇಪು ಸುತ್ತಿದ್ರಿ. ಅಲಾರ್ಮ್ ಕಂಪನಿಯ ಈ ಹುಡುಗಿ ಫೋನಲ್ಲೇ ಹೇಳಿಕೊಟ್ಟಳು. ಪೆಟ್ಟಿಗೆಯಿಂದ ಬಂದ ಲೈನು ಮೊದಲು ಡಬ್ಬಿಗೆ ಹೋಗಬೇಕು, ಅಲ್ಲಿಂದ ಆಮೇಲೆ ಮನೆ ಫೋನಿಗೆ. ಡಬ್ಬಿ ಕೂಗಿದ ಕೂಡಲೇ ಲೈನನ್ನು ತಾನೇ ಹಿಡ್ಕೊಳ್ಳುತ್ತೆ, ಬೇರೆ ಯಾರ ಫೋನನ್ನೂ ಬಿಡಲ್ಲ. ಓವರ್‌ಲಾಕಿಗೆ ದಾರ ಹಾಕೋ ಲೆಕ್ಕವೇ. ಕಾಲು ಗಂಟೆಯ ಕೆಲಸ.”

ಮೂವತ್ತು ವರ್ಷದ ವಿದ್ಯುತ್ ಪಾಠ ಕಾಲು ಗಂಟೆಗೆ ಶರಣಾಯಿತು. ನಿಜ ಹೇಳಲಾ? ಹೊಟ್ಟೆಕಿಚ್ಚಾಗಲಿಲ್ಲ. ಇಂಥವಳು ನನ್ನ ಹೆಂಡತಿ ಎಂದು ಎದೆ ತುಂಬಿ ಬಂತು. ಅವಳ ಮುಂದಿನ ಮಾತಿಗೆ ಅದೇ ಎದೆ ಧಸಕ್ಕೆಂದಿತು.

“ಗುಂಡಿ ನಿಮ್ಮ ಕೈಯಲ್ಲೇ ಒತ್ತಿಸಿ, ಅಪ್ಪನೇ ಎಲ್ಲ ಸರಿ ಮಾಡಿದ್ರು ಅಂತ ಮಗಳಿಗೆ ಹೇಳೋಣ ಅಂತಿದ್ದೆ. ನಿಮಗೆ ಗೊತ್ತಾಗದ ಹಾಗೆ ಆ ಟೇಪನ್ನೂ ಮತ್ತೆ ಸುತ್ತಿಟ್ಟಿದ್ದೆ ರೀ.”

ನಾನು ಗೆಳೆಯನ ಮುಖ ನೋಡಿದೆ. ಅವನು ಡಬ್ಬಿಯ ಮುಖ ನೋಡಿದ. “ನಾನು ಬೇಡ ಅಂದಿದ್ದೆ ಅತ್ತಿಗೆ” ಅಂದ. “ಯಾವಾಗಯ್ಯಾ ಅಂದಿದ್ದೆ?” ಎಂದು ನಾನು, “ಮೋಸ ಅನ್ನೋ ಮಾತು ತೆಗೆದವನೇ ನಾನು” ಎಂದು ಅವನು. ಇಬ್ಬರ ದನಿಯೂ ಏರಿತು.

ಮಿಷನ್ನಿನ ಮೇಲಿದ್ದ ಮೊಬೈಲ್ ಗಾಬರಿಯಿಂದ ಮಾತಾಡಿತು. “ಮೇಡಂ? ಯಾರೋ ಗಂಡಸರು ಕೂಗಾಡೋದು ಕೇಳಿಸ್ತಿದೆ. ಮನೆಗೆ ಕಳ್ಳರೇನಾದ್ರೂ...?”

ಇವಳು ಮೊಬೈಲ್ ಎತ್ತಿಕೊಂಡು ನಮ್ಮಿಬ್ಬರನ್ನೂ ಅಳತೆ ತೆಗೆಯುವವಳ ಹಾಗೆ ಮೇಲಿಂದ ಕೆಳಗೆ ನೋಡಿದಳು.

“ಕಳ್ಳರು ಯಾರೂ ಇಲ್ಲಮ್ಮ. ಸುಳ್ಳರು ಇಬ್ಬರಿದ್ದಾರೆ.”

“ಗಾರ್ಡ್ ಕಳಿಸ್ಲಾ ಮೇಡಂ?”

“ಬೇಡ. ಒಬ್ಬರನ್ನ ನಾಳೆ ಬೆಳಿಗ್ಗೆ ರೈಲಿಗೆ ಹತ್ತಿಸ್ತೀನಿ. ಇನ್ನೊಬ್ಬರು ನಾವು ಬರೋವರೆಗೆ ದಿನಕ್ಕೆರಡು ಸಲ ಮನೆ ನೋಡ್ಕೊಳ್ತಾರೆ.”